ವಿತ್ ಅಂದ್ರೆ ಜೊತೆ... ನಿಜವಾಗ್ಲೂ?

ಇಂಗ್ಲಿಷಿನಲ್ಲಿ ಯಾರ ತಂಟೆಗೂ ಹೋಗದ ಸಾಧು ಪದಗಳ ಪಟ್ಟಿ ಮಾಡಿದ್ರೆ 'ವಿತ್'ಗೆ ಅದರಲ್ಲಿ ಖಂಡಿತ ಒಂದು ಜಾಗ ಸಿಗುತ್ತೆ. ನಮ್ಮ ಕನ್ನಡದೊಳಗೂ ಅದು ಎಷ್ಟು ಸಲೀಸಾಗಿ ಬಂದು ಕೂತಿದೆ ನೋಡಿ. 'ವಿತ್ ಫ್ಯಾಮಿಲಿ ಬನ್ನಿ' ಅಂತ ಕರೀತೀವಿ. 'ವಿತ್ ಪ್ರೂಫ್ ಮಾತಾಡು' ಅಂತ ಜಗಳಕ್ಕೆ ನಿಲ್ತೀವಿ. ಬ್ಯಾಂಕಿನಿಂದ ದುಡ್ಡು ವಿತ್‌ಡ್ರಾ ಮಾಡ್ತೀವಿ. ನಾವು ಕನ್ನಡ ಮೀಡಿಯಮ್ಮಿನವರು ಐದನೇ ಕ್ಲಾಸಿನಲ್ಲಿ ಇಂಗ್ಲಿಷ್ ಶುರು ಮಾಡಿದಾಗ ಮೇಷ್ಟ್ರು ರಾಗವಾಗಿ ಬಾಯಿಪಾಠ ಮಾಡಿಸಿದ್ರು: ಇನ್ ಅಂದ್ರೆ ಒಳಗೆ, ಆನ್ ಅಂದ್ರೆ ಮೇಲೆ, ಅಂಡರ್ ಅಂದ್ರೆ ಕೆಳಗೆ, ವಿತ್ ಅಂದ್ರೆ ಜೊತೆ.

ಇಂಥ ಸಾಧು ಪದಕ್ಕೆ ಸಾವಿರ ವರ್ಷದ ಹಿಂದೆ ಇದ್ದ ಮುಖ್ಯ ಅರ್ಥ ಏನು ಗೊತ್ತಾ? 'ವಿರುದ್ಧ'!

ನನಗೆ ಇದರ ವಾಸನೆ ಬಡಿದದ್ದು ಆಫೀಸಿನಲ್ಲಿ. ನಾನು ಕೆಲಸ ಮಾಡೋದು ಸಂಬಳದ ಲೆಕ್ಕ ಹಾಕೋ ಒಂದು ಸಾಫ್ಟ್‌ವೇರ್ ಮೇಲೆ. ಅಮೆರಿಕದ ನೌಕರರ ಸಂಬಳದಿಂದ ತೆರಿಗೆ ಮುರಿದುಕೊಳ್ಳೋದಕ್ಕೆ ಅಲ್ಲಿ 'ವಿತ್‌ಹೋಲ್ಡಿಂಗ್' ಅಂತಾರೆ. ದಿನಕ್ಕೆ ನೂರು ಸಲ ಆ ಪದ ಕೋಡ್‌ನಲ್ಲಿ ಕಣ್ಣಿಗೆ ಬೀಳುತ್ತೆ. ಒಂದು ದಿನ ಬಿಲ್ಡ್ ಮುಗಿಯೋದನ್ನ ಕಾಯ್ತಾ ಕೂತಿದ್ದಾಗ ತಲೆಗೆ ಹುಳ ಬಿಟ್ಟುಕೊಂಡೆ. ವಿತ್ ಅಂದ್ರೆ ಜೊತೆ, ಹೋಲ್ಡ್ ಅಂದ್ರೆ ಹಿಡಿ. ಹಾಗಿದ್ರೆ ವಿತ್‌ಹೋಲ್ಡ್ ಅಂದ್ರೆ ಜೊತೆಯಾಗಿ ಹಿಡಿದುಕೊಳ್ಳೋದು ಆಗಬೇಕಿತ್ತಲ್ಲ? ಕೊಡಬೇಕಾದ್ದನ್ನ ಕೊಡದೆ ತಡೆಹಿಡಿಯೋದು ಹೇಗಾಯ್ತು? ವಿತ್‌ಡ್ರಾ ಜೊತೆಯಾಗಿ ಎಳೆಯೋದಲ್ಲ, ಹಿಂದಕ್ಕೆ ಎಳೆಯೋದು. ವಿತ್‌ಸ್ಟ್ಯಾಂಡ್ ಜೊತೆಗೆ ನಿಲ್ಲೋದಲ್ಲ, ಎದುರಿಗೆ ನಿಂತು ತಡೆದುಕೊಳ್ಳೋದು. ಮೂರು ಪದ, ಮೂರರಲ್ಲೂ ಜೊತೆಯ ಸುಳಿವೇ ಇಲ್ಲ. ಬಿಲ್ಡ್ ಫೇಲ್ ಆಗಿತ್ತು, ಅದು ಬೇರೆ ವಿಷಯ :-)

ಆವತ್ತು ಸಂಜೆಯಿಂದ ನಿಘಂಟುಗಳ ಹಿಂದೆ ಬಿದ್ದೆ. ಸಿಕ್ಕಿದ್ದು ಹೀಗೆ. ಹಳೆ ಇಂಗ್ಲಿಷಿನಲ್ಲಿ, ಅಂದ್ರೆ ಸುಮಾರು ಐದನೇ ಶತಮಾನದಿಂದ ಹನ್ನೊಂದನೇ ಶತಮಾನದವರೆಗೆ ಇಂಗ್ಲೆಂಡಿನವರು ಆಡ್ತಿದ್ದ ಭಾಷೆಯಲ್ಲಿ, 'ಜೊತೆ' ಅನ್ನೋದಕ್ಕೆ ಬೇರೆಯೇ ಪದ ಇತ್ತು: 'ಮಿಡ್'. ಜರ್ಮನ್ನರು ಇವತ್ತಿಗೂ 'ಮಿಟ್' ಅಂತಾರಲ್ಲ, ಅದೇ. ಗೆಳೆಯನ ಜೊತೆ ಹೋದ ಅನ್ನೋದಕ್ಕೂ ಮಿಡ್, ಕತ್ತಿಯಿಂದ ಕಡಿದ ಅನ್ನೋದಕ್ಕೂ ಮಿಡ್. ವಿತ್ ಇದ್ದದ್ದು ಎದುರಿನವರಿಗೆ. ಶತ್ರುವಿನ ವಿರುದ್ಧ, ಗಾಳಿಗೆ ಎದುರಾಗಿ, ಗೋಡೆಗೆ ಆನಿಸಿ... ಇಂಥ ಕಡೆಗಳಲ್ಲೆಲ್ಲ ವಿತ್.

ಎರಡೂ ಪದ ಒಂದೇ ಕಡೆ ಪಕ್ಕಪಕ್ಕದಲ್ಲಿ ಕೂತಿರೋದನ್ನ ನೋಡಬೇಕು ಅಂದ್ರೆ 'ಬೇವುಲ್ಫ್' ಕಾವ್ಯ ಇದೆ. ಅದರ ಒಂದೇ ಒಂದು ಹಸ್ತಪ್ರತಿ ಉಳಿದಿದೆ, ಬರೆದದ್ದು ಸುಮಾರು 1000ನೇ ಇಸವಿಯ ಆಸುಪಾಸು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ನಾಯಕ ಗ್ರೆಂಡೆಲ್ ಅನ್ನೋ ರಾಕ್ಷಸನ ಮೇಲೆ ಕಾದಾಡೋಕೆ ಹೊರಟವನು ಕತ್ತಿ ಗುರಾಣಿ ಬೇಡ, ಬರಿಗೈಯಲ್ಲೇ ಆ ಶತ್ರುವನ್ನ ಹಿಡೀತೀನಿ ಅಂತಾನೆ. ಅಲ್ಲಿ 'ಕೈಯಿಂದ' ಅನ್ನೋದಕ್ಕೆ ಮಿಡ್, 'ಶತ್ರುವಿನ ಎದುರು' ಅನ್ನೋದಕ್ಕೆ ವಿತ್. ನನ್ನದು ಯಾವುದು, ಎದುರಾಳಿ ಯಾರು ಅನ್ನೋದರಲ್ಲಿ ಒಂಚೂರೂ ಗೊಂದಲ ಇಲ್ಲ. ಈಗಿನ ಇಂಗ್ಲಿಷಿಗೆ ತಂದ್ರೆ ಎರಡೂ ಕಡೆ ವಿತ್ ಅಂತ ಹಾಕಿದ್ರೂ ನಡೆಯುತ್ತೆ. ಭಾಷೆ ಬೆಳೆಯುತ್ತೆ ಅಂತೀವಿ, ಕೆಲವು ಸಲ ಅದು ಇದ್ದದ್ದನ್ನ ಕಳ್ಕೊಳ್ಳುತ್ತೆ ಕೂಡ.

ಹಾಗಾದ್ರೆ ವೈರಿಯ ಪದ ಗೆಳೆಯನ ಮನೆಗೆ ಬಂದು ಕೂತದ್ದು ಹೇಗೆ?

ಇದಕ್ಕೆ ಉತ್ತರ ನಮ್ಮ 'ಎದುರು' ಪದದಲ್ಲೇ ಇದೆ ಅಂತ ನನಗನ್ನಿಸುತ್ತೆ. ಎದುರಾಳಿ ಅಂದ್ರೆ ವೈರಿ. ಎದುರು ಮಾತಾಡಬೇಡ ಅಂದ್ರೆ ವಿರೋಧಿಸಬೇಡ. ಆದ್ರೆ ಎದುರುಮನೆಯವರು ವೈರಿಗಳೇನಲ್ಲ (ಕೆಲವರು ಇರಬಹುದು!). ಮದುವೆಯಲ್ಲಿ ಬೀಗರನ್ನ ಎದುರುಗೊಳ್ತೀವಿ, ಅದಂತೂ ಪೂರ್ತಿ ಸ್ವಾಗತ. ಎದುರು ಅನ್ನೋದು ಮೂಲದಲ್ಲಿ ಮುಖಕ್ಕೆ ಮುಖ ಕೊಟ್ಟು ನಿಲ್ಲೋದು ಅಷ್ಟೇ. ಹೊಡೆಯೋಕೆ ನಿಂತಿದ್ದಾರೋ, ಹಾರ ಹಾಕೋಕೆ ನಿಂತಿದ್ದಾರೋ ಅದು ಮುಂದಿನ ಮಾತು. ಹಳೆ ಇಂಗ್ಲಿಷಿನ ವಿತ್ ಕೂಡ ಹಾಗೇ ಇತ್ತು. ಆ ಭಾಷೆಗೂ ನಮ್ಮ ಹಾಗೆ ವಿಭಕ್ತಿಗಳಿದ್ದವು. ವಿತ್ ಆದಮೇಲೆ ಬರೋ ಪದ ದ್ವಿತೀಯೆಯಲ್ಲೋ ಚತುರ್ಥಿಯಲ್ಲೋ ಷಷ್ಠಿಯಲ್ಲೋ ಇರಬಹುದಿತ್ತು. ಒಟ್ಟಿನಲ್ಲಿ ಅದಕ್ಕೆ ವಿರುದ್ಧ, ಕಡೆಗೆ, ಪಕ್ಕದಲ್ಲಿ, ಬದಲಿಗೆ ಅಂತ ಎಷ್ಟೊಂದು ಛಾಯೆ. ಚೌಕಾಸಿ ಮಾಡೋದು, ಮಾತಾಡೋದು, ಕೊಟ್ಟು ತಗೊಳ್ಳೋದು, ಹೋಲಿಸೋದು... ಇವೆಲ್ಲ ಎದುರಿಗೆ ಇನ್ನೊಬ್ಬ ಇಲ್ಲದೆ ಆಗದ ಕೆಲಸಗಳು. ಹೊಡೆದಾಟವೂ ಅಷ್ಟೇ ತಾನೆ. ಒಬ್ಬನೇ ಜಗಳ ಆಡೋಕೆ ಆಗುತ್ತಾ?

ಇದರ ಮಧ್ಯೆ ವೈಕಿಂಗರು ಬಂದ್ರು. 793ರಲ್ಲಿ ಲಿಂಡಿಸ್‌ಫಾರ್ನ್ ಅನ್ನೋ ದ್ವೀಪದ ಮಠವನ್ನ ಕೊಳ್ಳೆ ಹೊಡೆದದ್ದು ಅವರ ಮೊದಮೊದಲ ದೊಡ್ಡ ದಾಳಿ. ಆಮೇಲೆ ಕೊಳ್ಳೆ ಹೊಡೆಯೋಕೆ ಬಂದವರು ಅಲ್ಲೇ ಹೊಲ ಹಿಡಿದು, ಅಲ್ಲಿನವರನ್ನೇ ಮದುವೆಯಾಗಿ, ನೆರೆಮನೆಯವರಾದ್ರು. 1016ರಲ್ಲಿ ಕನೂಟ್ ಅನ್ನೋ ಡೇನ್ ಇಂಗ್ಲೆಂಡಿನ ರಾಜನೇ ಆದ. ಅವರ ಹಳೆ ನಾರ್ಸ್ ಭಾಷೆ ಇಂಗ್ಲಿಷಿಗೆ ಹತ್ತಿರದ ನೆಂಟ. ಅವರಲ್ಲೂ ಇದೇ ಪದ ಇತ್ತು, ಆದ್ರೆ ಅದರಲ್ಲಿ ವಿರುದ್ಧ, ಪಕ್ಕ, ಜೊತೆ ಮೂರೂ ಸೇರಿಕೊಂಡಿತ್ತು. ಸ್ವೀಡನ್ನಿನಲ್ಲಿ ಈಗಲೂ 'ವೀಡ್' ಅಂದ್ರೆ ಹತ್ತಿರ, ಬಳಿ ಅಂತಲೇ ಅರ್ಥ. ಇಂಗ್ಲಿಷಿನ ವಿತ್ ಜೊತೆಯ ಕಡೆಗೆ ವಾಲಿದ್ದಕ್ಕೆ ಈ ಸಹವಾಸವೂ ಒಂದು ಕಾರಣ ಅಂತ ಪಂಡಿತರು ಹೇಳ್ತಾರೆ. ದೇ, ದೆಮ್, ದೇರ್ ಅಂತ ದಿನಾ ಬಳಸೋ ಸರ್ವನಾಮಗಳನ್ನೇ ವೈಕಿಂಗರಿಂದ ತಗೊಂಡ ಭಾಷೆ ಅದು, ಒಂದು ಪದದ ಅರ್ಥ ವಾಲಿಸಿಕೊಂಡದ್ದು ದೊಡ್ಡದಲ್ಲ. ಹೊಡೆದಾಡೋಕೆ ಬಂದವರ ಪಕ್ಕದಲ್ಲೇ ಸಂಸಾರ ಮಾಡಿದ ಜನಕ್ಕೆ ವಿರುದ್ಧಕ್ಕೂ ಜೊತೆಗೂ ಒಂದೇ ಪದ ಸಾಕಾಗಿದ್ರೆ ಅದರಲ್ಲಿ ಆಶ್ಚರ್ಯ ಏನಿದೆ?

ಹದಿನಾಲ್ಕನೇ ಶತಮಾನ ಮುಗಿಯೋ ಹೊತ್ತಿಗೆ ಮಿಡ್ ಹೆಚ್ಚುಕಡಿಮೆ ಮಾಯ. 1400ರಲ್ಲಿ ತೀರಿಕೊಂಡ ಚಾಸರ್‌ನ ಬರಹದಲ್ಲಿ ವಿತ್ ಈಗಿನ ಹಾಗೇ ಓಡಾಡಿಕೊಂಡಿದೆ. ಮಿಡ್ ಉಳಿದದ್ದು ಒಂದೇ ಒಂದು ಮನೆಯಲ್ಲಿ: ಮಿಡ್‌ವೈಫ್. ಸೂಲಗಿತ್ತಿ. ಆಗ ವೈಫ್ ಅಂದ್ರೆ ಬರೀ ಹೆಂಗಸು ಅಂತ ಅರ್ಥ. ಹೆರೋಳ ಜೊತೆಗಿರೋ ಹೆಂಗಸು ಮಿಡ್‌ವೈಫ್. ನಡುವೆ ಅನ್ನೋ ಅರ್ಥದ ಮಿಡ್‌ನೈಟ್‌ನ ಮಿಡ್ ಬೇರೆ, ಇದು ಬೇರೆ. ಸತ್ತುಹೋದ ಪದವೊಂದು ಹೆರಿಗೆ ಕೋಣೆಯಲ್ಲಿ ಮಾತ್ರ ಬದುಕಿ ಉಳಿದಿದೆ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ.

ಹಳೇ ವೈರವನ್ನ ಇಂಗ್ಲಿಷ್ ಪೂರ್ತಿ ಮರೆತಿಲ್ಲ. ಯಾರದ್ದಾದ್ರೂ ವಿರುದ್ಧ ಹೋರಾಡಿದ್ರೆ ಇವತ್ತಿಗೂ 'ಫೈಟ್ ವಿತ್' ಅಂತಲೇ ಹೇಳೋದು. ಇದರಿಂದ ಆಗೋ ಫಜೀತಿ ನೋಡೋಕೆ ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ, ನಮ್ಮ ಶ್ರೀರಂಗಪಟ್ಟಣ ಸಾಕು. 1790ರಿಂದ 1792ರವರೆಗೆ ನಡೆದ ಮೂರನೇ ಮೈಸೂರು ಯುದ್ಧದಲ್ಲಿ ಟಿಪ್ಪು ಬ್ರಿಟಿಷರ ಜೊತೆ ಯುದ್ಧ ಮಾಡಿದ. ಹೈದರಾಬಾದಿನ ನಿಜಾಮನೂ ಬ್ರಿಟಿಷರ ಜೊತೆ ಯುದ್ಧ ಮಾಡಿದ. ಎರಡೂ ವಾಕ್ಯ ನಿಜ. ಎರಡರಲ್ಲೂ ಹೆಸರೊಂದು ಬಿಟ್ರೆ ಉಳಿದ ಪದಗಳೆಲ್ಲ ಅವೇ. ಆದ್ರೆ ಒಬ್ಬ ಕೋಟೆಯ ಒಳಗೆ, ಇನ್ನೊಬ್ಬನ ಸೈನ್ಯ ಕೋಟೆಯ ಹೊರಗೆ! ನಮ್ಮ 'ಜೊತೆ'ಯೂ ಏನು ಕಮ್ಮಿ ಇಲ್ಲ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಒಂದು ಜೊತೆ ಚಪ್ಪಲಿ, ಒಂದು ಜೊತೆ ಎತ್ತು ಅನ್ನೋವಾಗ ಇರೋ ಜೊತೆಯೇ ಇದು, ಎರಡು ಅಂತ. ಎರಡೂ ಒಂದೇ ಕಡೆಗೆ ಎಳೀತಿವೆಯಾ ಅನ್ನೋದನ್ನ ಆ ಪದ ಹೇಳೋದಿಲ್ಲ.

(ಐದನೇ ಕ್ಲಾಸಿನ ಮೇಷ್ಟ್ರ ಸೂತ್ರ ಬೇರೆ ಕಡೆಗಳಲ್ಲೂ ಅಷ್ಟೇನೂ ಓಡೋದಿಲ್ಲ. ಚಾಕು ವಿತ್ ಆದ್ರೆ 'ಚಾಕುವಿನಿಂದ'. ದುಡ್ಡು ನನ್ನ ವಿತ್ ಆದ್ರೆ 'ನನ್ನ ಹತ್ತಿರ'. ಗಡ್ಡದ ವಿತ್ ಇರೋ ಮನುಷ್ಯ ನಮಗೆ ಬರೀ 'ಗಡ್ಡದವನು'. ಆಂಗ್ರಿ ವಿತ್ ಅಂದ್ರೆ 'ನನ್ನ ಮೇಲೆ ಕೋಪ'. ಪೈಥಾನ್ ಬರೆಯೋರಿಗೆ ಇನ್ನೊಂದು ವಿತ್ ಗೊತ್ತಿರುತ್ತೆ, 2006ರಲ್ಲಿ 2.5ನೇ ಆವೃತ್ತಿಯಲ್ಲಿ ಬಂದದ್ದು. ಅದರೊಳಗೆ ಫೈಲ್ ತೆರೆದ್ರೆ ಮಧ್ಯದಲ್ಲಿ ಏನೇ ಎಡವಟ್ಟಾದ್ರೂ ಹೊರಗೆ ಬರೋವಾಗ ಫೈಲ್ ಮುಚ್ಚಿಯೇ ಮುಚ್ಚುತ್ತೆ. ನಾನು ನೋಡಿದ ವಿತ್‌ಗಳಲ್ಲಿ ಕೊಟ್ಟ ಮಾತು ತಪ್ಪದೇ ಇರೋದು ಅದೊಂದೇ.)

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದ್ರೆ ಈ ಪದದ ಬೇರು ಇನ್ನೂ ಆಳಕ್ಕೆ ಹೋಗುತ್ತೆ, ಹೋಗಿ ನಮ್ಮ ಮನೆ ಅಂಗಳದಲ್ಲೇ ಮೇಲೆ ಬರುತ್ತೆ.

1786ರಲ್ಲಿ ಕಲ್ಕತ್ತದಲ್ಲಿ ವಿಲಿಯಂ ಜೋನ್ಸ್ ಅನ್ನೋ ಜಡ್ಜು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂತ ಭಾಷಣ ಮಾಡಿದ್ದು ನಿಮಗೆ ಗೊತ್ತಿರಬಹುದು. ಇಂಗ್ಲಿಷೂ ಅದೇ ವಂಶದ್ದು. ನಮ್ಮ ಕನ್ನಡ ಆ ವಂಶದ್ದಲ್ಲ, ಆದ್ರೆ ಸಂಸ್ಕೃತದಿಂದ ಪದಗಳನ್ನ ಧಾರಾಳವಾಗಿ ತಗೊಂಡಿದ್ದೀವಲ್ಲ, ಹಾಗಾಗಿ ಈ ನೆಂಟಸ್ತಿಕೆಯ ಬಿಸಿ ನಮಗೂ ತಾಗುತ್ತೆ. ಪಂಡಿತರು ಹೇಳೋ ಪ್ರಕಾರ ವಿತ್‌ನ ಹಿಂದೆ ಇರೋದು 'ವಿ' ಅನ್ನೋ ಒಂದು ಪುಟ್ಟ ಪದ. ಅರ್ಥ: ಬೇರೆ, ದೂರ. ಅದಕ್ಕೆ 'ತರ' ಅನ್ನೋ ಪ್ರತ್ಯಯ, ಪೇಪರಿನಲ್ಲಿ 'ಗುರುತರ ಆರೋಪ' ಅಂತ ಓದ್ತೀವಲ್ಲ, ಆ ತರ. ಅಲ್ಲಿಗೆ ವಿತ್‌ನ ಮೂಲ ಅರ್ಥ 'ಇನ್ನಷ್ಟು ಬೇರೆ'. ಆ 'ವಿ' ಸಂಸ್ಕೃತದಲ್ಲಿ ಉಪಸರ್ಗವಾಗಿ ಉಳೀತು, ಅಲ್ಲಿಂದ ಕನ್ನಡಕ್ಕೆ ಬಂತು. ವಿಯೋಗ, ವಿರಹ, ವಿರೋಧ, ವಿವಾದ, ವಿಚ್ಛೇದನ... ಎಲ್ಲವೂ ವಿತ್‌ನ ದಾಯಾದಿಗಳು! (ವಿಷ, ವಿದ್ಯೆ ಇವೆಲ್ಲ ಈ ಗುಂಪಿನವಲ್ಲ. ವಿ ಅಕ್ಷರ ಕಂಡ ಕಡೆಯೆಲ್ಲ ಓಡಿಹೋಗಬೇಡಿ.)

ತಮಾಷೆ ಏನಂದ್ರೆ ವಿವಾಹವೂ ಈ ಪಟ್ಟಿಯಲ್ಲಿದೆ. ವಿ ಅಂದ್ರೆ ಬೇರೆಗೆ, ವಹ ಅಂದ್ರೆ ಒಯ್ಯೋದು. ಹುಡುಗಿಯನ್ನ ಅವಳ ಅಪ್ಪನ ಮನೆಯಿಂದ ಬೇರೆಡೆಗೆ ಒಯ್ಯೋದು ವಿವಾಹ. ಗಂಡಿನ ಕಡೆಯವರಿಗೆ ಜೊತೆಯಾದದ್ದು ಹೆಣ್ಣಿನ ಕಡೆಯವರಿಗೆ ಬೇರೆಯಾದದ್ದು. ಅಕ್ಕನ ಮದುವೆ ದಿನ ಸಂಜೆ ಖಾಲಿ ಚಪ್ಪರದಲ್ಲಿ ಒಬ್ಬರೇ ಕೂತಿದ್ದ ನಮ್ಮಮ್ಮನಿಗೆ ಈ ವ್ಯುತ್ಪತ್ತಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಪಟ್ಟಿಯಲ್ಲಿ ಇನ್ನೆರಡು ಪದ ಇವೆ: ವಿಭಕ್ತಿ, ವಿಭಾಗ. ಎರಡಕ್ಕೂ ಒಂದೇ ಉಪಸರ್ಗ, ಒಂದೇ ಧಾತು, ಹಂಚು ಅಂತ ಅರ್ಥ. ವ್ಯಾಕರಣದಲ್ಲಿ ಹಂಚಿದ್ರೆ ವಿಭಕ್ತಿ, ಅಡಿಕೆ ತೋಟ ಹಂಚಿದ್ರೆ ವಿಭಾಗ. ಮೊದಲನೆಯದನ್ನ ಹೈಸ್ಕೂಲಿನಲ್ಲಿ ಕಲಿತೆ. ಎರಡನೆಯದು ನಮ್ಮನೆಯಲ್ಲಿ ಒಂಬತ್ತು ವರ್ಷದಿಂದ ನಡೀತಾ ಇದೆ.

ಸಾಗರದ ಕಡೆಯ ಒಂದು ಹಳ್ಳಿ ನಮ್ಮದು. ಅಜ್ಜ ತೀರಿಕೊಂಡ ಮೇಲೆ ಅಪ್ಪ, ದೊಡ್ಡಪ್ಪ ಇಬ್ಬರೂ ತೋಟವನ್ನ ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು ಆರಾಮಾಗಿದ್ರು. ಖಾತೆ ಮಾತ್ರ ದೊಡ್ಡಪ್ಪನ ಹೆಸರಲ್ಲಿ. ಗುಡ್ಡದಿಂದ ಇಳಿದು ಬರೋ ಅಬ್ಬಿ ನೀರು ಮೊದಲು ದೊಡ್ಡಪ್ಪನ ತೋಟಕ್ಕೆ, ಅಲ್ಲಿಂದ ನಮ್ಮ ತೋಟಕ್ಕೆ. ಮಳೆ ಚೆನ್ನಾಗಿದ್ದಾಗ ಯಾರಿಗೂ ಇದು ವಿಷಯವೇ ಅಲ್ಲ. ಒಂದು ಬೇಸಿಗೆಯಲ್ಲಿ ನೀರು ಕೆಳಗೆ ಇಳಿಯಲೇ ಇಲ್ಲ. ನಮ್ಮ ಕಡೆಯ ಮರಗಳು ಹಳದಿಯಾದವು. ಮಾತಿಗೆ ಮಾತು ಬೆಳೀತು, ಅಪ್ಪ ವಿಭಾಗ ಕೋರಿ ದಾವೆ ಹಾಕಿದ್ರು. ಕಾಗದದ ಮೇಲೆ ಅಪ್ಪ ವಾದಿ, ದೊಡ್ಡಪ್ಪ ಪ್ರತಿವಾದಿ. ಕನ್ನಡದಲ್ಲಿ ಒಡಹುಟ್ಟಿದವರು ಅಂತ ಎಂಥಾ ಚಂದದ ಪದ ಇದೆ. ಒಡ ಅಂದ್ರೆ ಜೊತೆ, ಒಡನಾಡಿ ಒಡನಾಟದ ಒಡ. ಒಡೆ ಅಂದ್ರೆ ಚೂರು ಮಾಡು. ಇವೆರಡಕ್ಕೂ ಸಂಬಂಧ ಇದೆ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ನಮ್ಮಜ್ಜಿ ಬೇಜಾರಾದಾಗಲೆಲ್ಲ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳ್ತಿದ್ದಳು.

ವಾಯಿದೆ ಇದ್ದ ದಿನ ನಾನು ಬೆಂಗಳೂರಿನಿಂದ ಫೋನ್ ಮಾಡಿ ಅಪ್ಪ ಎಲ್ಲಿ ಅಂತ ಕೇಳಿದ್ರೆ ಅಮ್ಮ ಹೇಳೋದು ಒಂದೇ ಮಾತು: "ದೊಡ್ಡಪ್ಪನ ಜೊತೆ ಕೋರ್ಟಿಗೆ ಹೋಗಿದ್ದಾರೆ."

ಈ ವಾಕ್ಯವನ್ನ ಯಾವ ವ್ಯಾಕರಣ ಪಂಡಿತರಿಗೆ ಕೊಟ್ರೂ ಬಿಡಿಸೋಕೆ ಕಷ್ಟ ಪಡ್ತಾರೆ. ಯಾಕಂದ್ರೆ ಎರಡೂ ಅರ್ಥ ನಿಜ. ನಮ್ಮೂರಿಂದ ಪೇಟೆಗೆ ಬೆಳಿಗ್ಗೆ ಇರೋದು ಒಂದೇ ಬಸ್ಸು, ಏಳೂವರೆಗೆ. ಬಸ್ ಸ್ಟಾಪಿಗೆ ಮನೆಯಿಂದ ಒಂದೂವರೆ ಕಿಲೋಮೀಟರು. ವಾದಿ, ಪ್ರತಿವಾದಿ ಇಬ್ಬರೂ ಅಷ್ಟು ದೂರ ಒಟ್ಟಿಗೇ ನಡೆದುಕೊಂಡು ಹೋಗ್ತಾರೆ. ಮಳೆಗಾಲದಲ್ಲಿ ಒಂದೇ ಕೊಡೆ. ಹೋದ ವರ್ಷ ರಜೆಗೆ ಬಂದಿದ್ದಾಗ ನಾನೂ ಹೋಗಿದ್ದೆ. ದಾರಿ ಪೂರ್ತಿ ಅವರು ಮಾತಾಡಿದ್ದು ಅಡಿಕೆ ರೇಟು ಮತ್ತು ಕೊಳೆ ರೋಗಕ್ಕೆ ಔಷಧಿ ಹೊಡೆಯೋರು ಸಿಗ್ತಾ ಇಲ್ಲ ಅನ್ನೋದು. ಕೋರ್ಟಿನಲ್ಲಿ ಇಬ್ಬರೂ ಬೇರೆ ಬೇರೆ ವಕೀಲರ ಹಿಂದೆ ನಿಂತರು. ಎರಡು ನಿಮಿಷದಲ್ಲಿ ಮುಂದಿನ ತಾರೀಖು ಸಿಕ್ತು. ಹೊರಗೆ ಬಂದು ಪಕ್ಕದ ಹೋಟೆಲಿಗೆ ಹೋದೆವು. ಕೂತ ಕೂಡಲೇ ಅಪ್ಪ ಮಾಣಿಯನ್ನ ಕರೆದು ಹೇಳಿದ್ರು, "ಮೂರು ಕಾಫಿ ಮಾರಾಯ. ಒಂದು ವಿತೌಟ್."

ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಅವರು ಬಾಯಿ ಬಿಟ್ಟು ಕೇಳಲೇ ಇಲ್ಲ, ಅಪ್ಪ ಅವರ ಮುಖ ನೋಡಲೂ ಇಲ್ಲ.

ಅಂದಹಾಗೆ ಆ ವಿತೌಟ್ ಕೂಡ ನೋಡೋಕೆ ಇರೋಷ್ಟು ಸರಳ ಅಲ್ಲ. ವಿತ್ ಅಂದ್ರೆ ಜೊತೆ, ಅದಕ್ಕೆ ಔಟ್ ಸೇರಿಸಿದ್ರೆ ಜೊತೆ ಇಲ್ಲದ್ದು ಅಂತ ನಾವು ಲೆಕ್ಕ ಹಾಕಿಬಿಡ್ತೀವಿ. ಅದು ಹುಟ್ಟಿದಾಗ ಅದರ ಅರ್ಥ 'ಹೊರಗೆ' ಅಂತ, ವಿತಿನ್ ಅಂದ್ರೆ ಒಳಗೆ ಇದ್ದ ಹಾಗೆ. ಇದರಲ್ಲಿರೋ ವಿತ್ ಆ ಹಳೇ ವಿತ್, 'ಕಡೆಗೆ' ಅನ್ನೋ ಅರ್ಥದ್ದು. ಹೊರಕಡೆ, ಒಳಕಡೆ ಅಂದ ಹಾಗೆ. ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್'ನಲ್ಲಿ ಔತಣದ ಹೊತ್ತಿಗೆ ಕೊಲೆಗಾರನೊಬ್ಬ ಮುಖಕ್ಕೆ ರಕ್ತ ಮೆತ್ತಿಕೊಂಡು ಬಾಗಿಲಿಗೆ ಬರ್ತಾನಲ್ಲ, ಆಗ ಮ್ಯಾಕ್‌ಬೆತ್ ಆ ರಕ್ತ ಬ್ಯಾಂಕೋನ ಮೈಯೊಳಗೆ ಇರೋದಕ್ಕಿಂತ ನಿನ್ನ ಮೈಮೇಲೆ ಇರೋದೇ ವಾಸಿ ಅಂತಾನೆ. ಅಲ್ಲಿ ಇರೋದು ಇದೇ ವಿತೌಟ್, ಇದೇ ವಿತಿನ್. ಹೊರಗೆ ಇರೋದು ನಮ್ಮ ಹತ್ತಿರ ಇಲ್ಲದ್ದು ಅನ್ನೋ ದಾರಿಯಲ್ಲಿ 'ಇಲ್ಲದೆ' ಅನ್ನೋ ಅರ್ಥ ಬಂದು ಸೇರಿಕೊಂಡಿತು, ಹಳೇ ಅರ್ಥ ಮೂಲೆ ಸೇರಿತು.

ಈಗ ಈ ಪದಗಳು ನನ್ನ ತಲೆ ತಿನ್ನೋಕೆ ಇನ್ನೊಂದು ಕಾರಣ ಇದೆ. ಈ ವರ್ಷ ಇಬ್ಬರಿಗೂ ಸಾಕಾಗಿದೆ. ರಾಜಿ ಮಾಡಿಕೊಳ್ಳೋಣ ಅಂತ ಮಾತು ಬಂತು, ದೊಡ್ಡಪ್ಪನ ವಕೀಲರು ಇಂಗ್ಲಿಷಿನಲ್ಲಿ ಒಂದು ಕರಡು ಕಳಿಸಿದ್ರು. ಇಂಜಿನಿಯರ್ ಓದಿದ ಮಗ ಇದ್ದಾನಲ್ಲ, ಬಿಡಿಸಿ ಹೇಳೋ ಕೆಲಸ ನನ್ನ ಪಾಲಿಗೆ. ಫೋನಿನಲ್ಲಿ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳ್ತಾ ಹೋದೆ, ಆ ಕಡೆ ಅಪ್ಪ ಸ್ಪೀಕರ್ ಹಾಕಿಕೊಂಡಿದ್ರು, ದೊಡ್ಡಪ್ಪನೂ ಪಕ್ಕದಲ್ಲೇ ಇದ್ರು.

ಮೇಲೆಯೇ ದಪ್ಪಕ್ಷರದಲ್ಲಿ 'ವಿತೌಟ್ ಪ್ರೆಜುಡೀಸ್'. ಅಪ್ಪ ಇದೇನೋ ಅಂದ್ರು. ಪ್ರೆಜುಡೀಸ್ ಅಂದ್ರೆ ಸಾಮಾನ್ಯವಾಗಿ ಪೂರ್ವಗ್ರಹ, ಆದ್ರೆ ಕಾನೂನಿನಲ್ಲಿ ಅದು ಹಕ್ಕಿಗೆ ಆಗೋ ಬಾಧೆ. ಈ ರಾಜಿ ಮುರಿದು ಬಿದ್ರೆ, ರಾಜಿಗೋಸ್ಕರ ಇದರಲ್ಲಿ ಬಿಟ್ಟುಕೊಟ್ಟಿದ್ದನ್ನ ತೋರಿಸಿ ನಾಳೆ ನನ್ನ ವಿರುದ್ಧ ಬಳಸೋ ಹಾಗಿಲ್ಲ ಅಂತ ಅರ್ಥ. ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ, "ಅದು ಎಲ್ಲರೂ ಬರೆಯೋದಂತೆ, ವಕೀಲರು ಹೇಳಿದ್ರು" ಅಂದ್ರು. ಅಪ್ಪ ಹೂಂ ಅಂದ್ರು.

ಖಾತೆ, ಚಕ್ಕುಬಂದಿ, ಬೆಟ್ಟದ ಸೊಪ್ಪು, ದೇವರ ಮನೆಯ ಹಂಡೆ, ಕಣದ ಜಾಗ ಎಲ್ಲ ದಾಟಿ ನೀರಿನ ಸಾಲಿಗೆ ಬಂದೆವು. ಎರಡನೇ ಪಾರ್ಟಿಯವರು ಮೊದಲನೇ ಪಾರ್ಟಿಯವರ 'ವಿತ್' ಅಬ್ಬಿ ನೀರನ್ನ ಅನುಭವಿಸತಕ್ಕದ್ದು ಅಂತ ಇತ್ತು. ನಾನು "ಜೊತೆ" ಅಂತ ಹೇಳಿದೆ. ಅದಕ್ಕೆ ಬೇರೆ ಪದ ನನ್ನ ಹತ್ತಿರ ಇರಲಿಲ್ಲ.

"ಜೊತೆ ಅಂದ್ರೆ?" ಅಂದ್ರು ಅಪ್ಪ. "ಏಪ್ರಿಲ್ ತಿಂಗಳಲ್ಲಿ ಬೆರಳು ಗಾತ್ರ ನೀರು ಬರುತ್ತೆ. ಆಗ ಜೊತೆ ಅಂದ್ರೆ ಯಾರು ಮೊದಲು?"

"ಮೇಲಿನ ತೋಟ ಮೊದಲು. ಅಪ್ಪಯ್ಯನ ಕಾಲದಿಂದ ಹಾಗೇ ತಾನೇ ಇದ್ದದ್ದು," ಅಂದ್ರು ದೊಡ್ಡಪ್ಪ.

"ಹಾಗಿದ್ದದ್ದಕ್ಕೇ ಅಲ್ವಾ ಇಷ್ಟೆಲ್ಲ ಆದದ್ದು."

ಒಂಬತ್ತು ವರ್ಷ ಕೋರ್ಟಿನಲ್ಲಿ ಎರಡೆರಡು ನಿಮಿಷ ನಡೆದ ಮಾತು ಆವತ್ತು ಮೊದಲನೇ ಸಲ ಮುಕ್ಕಾಲು ಗಂಟೆ ನಡೀತು. ಮೊದಲ ಹದಿನೈದು ನಿಮಿಷ ಬರೀ ಜಗಳ. ಅಮ್ಮ ಒಳಗಿಂದ ಬಂದು ಇಬ್ಬರಿಗೂ ಬೈದು ಹೋದದ್ದು ನನಗೆ ಕೇಳಿಸ್ತಾ ಇತ್ತು. ಕೊನೆಗೆ ನಾನು ಹೇಳಿದೆ, ಆ ಪದವನ್ನ ನಂಬಿಕೊಂಡು ಸಹ ಹಾಕಬೇಡಿ, ಅದು ಎರಡೂ ಕಡೆ ಮಾತಾಡುತ್ತೆ, ವಾರಗಳನ್ನೇ ಬರೆದುಬಿಡಿ ಅಂತ. ಅಪ್ಪ ಪಂಚಾಂಗದ ಹಿಂಬದಿಯಲ್ಲಿ ಬರೆದುಕೊಂಡ್ರು. ಸೋಮವಾರ, ಬುಧವಾರ, ಶುಕ್ರವಾರ ಮೇಲಿನ ತೋಟಕ್ಕೆ. ಮಂಗಳವಾರ, ಗುರುವಾರ, ಶನಿವಾರ ಕೆಳಗಿನ ತೋಟಕ್ಕೆ. ಫೆಬ್ರವರಿಯಿಂದ ಮೇ ಕೊನೆಯವರೆಗೆ ಮಾತ್ರ, ಉಳಿದಂತೆ ಹರಿದ ಹಾಗೆ ಹರಿಯಲಿ. ಹೊಸ ಕರಡನ್ನ ನಾನೇ ಕೂತು ಕನ್ನಡದಲ್ಲಿ ಟೈಪ್ ಮಾಡಿ ಇಬ್ಬರ ವಕೀಲರಿಗೂ ಕಳಿಸಿದ್ದೀನಿ. ಅದರ ನೀರಿನ ಸಾಲಿನಲ್ಲಿ ಜೊತೆ ಅನ್ನೋ ಪದ ಎಲ್ಲೂ ಇಲ್ಲ.

ಭಾನುವಾರ ಯಾರಿಗೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಬರೋ ಹದಿನೆಂಟಕ್ಕೆ ವಾಯಿದೆ ಇದೆ, ಏಳೂವರೆ ಬಸ್ಸಿಗೆ ಇಬ್ಬರೂ ಹೋಗ್ತಾರಂತೆ.